ಬಿದ್ದ ಬಂಗಾರ ಯಾರದು?

ಚೀಟಿಯಲ್ಲಿ ಒಂಬತ್ತು ಸಾಮಾನಿದ್ದವು. ಇಕ್ಕಳ, ದೊಡ್ಡ ಅರ, ಸಣ್ಣ ಅರ, ಕಂಬಚ್ಚು, ಮೂಸೆ, ಬಿಳಿಗಾರ, ಊದುಗೊಳವೆ, ಸಣ್ಣ ಸುತ್ತಿಗೆ. ಒಂಬತ್ತನೆಯದು ‘ಮೆತ್ತನ್ನ ಬ್ರಷ್, ತಾಟು’.

ವಿಜಯಪುರದ ಸರಾಫ ಬಜಾರಿನಲ್ಲಿ ಇಬ್ಬರು ಒಟ್ಟಿಗೆ ನಿಲ್ಲಲಾಗದಷ್ಟು ಸಣ್ಣ ಅಂಗಡಿ. ಸುತ್ತಲಿನ ಅಂಗಡಿಗಳ ಲೈಟಿನಲ್ಲಿ ಅದು ಕಾಣುವುದೂ ಇಲ್ಲ, ಮೂರು ಸಲ ಅದರ ಮುಂದೆಯೇ ಹಾದುಹೋಗಿದ್ದೆ. ಅಂಗಡಿಯವರು ಕನ್ನಡಕ ಹಣೆಗೇರಿಸಿ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು. ಮೊದಲು ಬ್ರಷ್ಷನ್ನೇ ತೆಗೆದು ಮುಂದಿಟ್ಟರು.

“ಇದನ್ನ ಯಾರು ಬರದಾರ್ರಿ?”

“ನಮ್ಮೂರ ಪತ್ತಾರರು.”

“ಹಳೇ ಮಂದಿ ಇರಬೇಕು. ಈಗಿನ ಹುಡುಗರು ಬ್ರಷ್ಷು ಕಡೀಕ ಕೇಳತಾರ. ಮಾಲು ಕಮ್ಮಿ ಬಿದ್ದ ಮ್ಯಾಲೆ.”

ಇದರ ಅರ್ಥ ಆಗ ನನಗೆ ಆಗಲಿಲ್ಲ. ತಲೆಯಾಡಿಸಿದೆ, ಮೀಟಿಂಗಿನಲ್ಲಿ ಆಡಿಸುವ ಹಾಗೆ.

ಮೂವತ್ತು ದಾಟಿದ ಸಾಫ್ಟ್‌ವೇರ್ ಮಂದಿಗೆ ಒಂದು ರೋಗ ಬರುತ್ತದೆ. ವರ್ಷಗಟ್ಟಲೆ ಕೈಗೆ ಸಿಗದ ಮಾಲು ಮಾಡಿ ಮಾಡಿ, ಒಮ್ಮೆಯಾದರೂ ಮುಟ್ಟಿ ನೋಡುವಂಥದ್ದು ಮಾಡಬೇಕು ಅನ್ನಿಸತೊಡಗುತ್ತದೆ. ನನ್ನ ಟೀಮಿನಲ್ಲಿ ಒಬ್ಬ ಬ್ರೆಡ್ ಸುಡುತ್ತಾನೆ. ಇನ್ನೊಬ್ಬಳು ಮಣ್ಣಿನ ಕಪ್ಪು ಮಾಡುತ್ತಾಳೆ, ಅದರಲ್ಲಿ ಚಹಾ ನಿಲ್ಲುವುದಿಲ್ಲ, ಆ ಮಾತು ಬೇರೆ. ನನಗೆ ಬೆಳ್ಳಿಯ ಹುಚ್ಚು ಹತ್ತಿತು. ಅವ್ವನಿಗೆ ಕೆಂಪು ಹರಳಿನ ಒಂದು ಬೆಳ್ಳಿ ಉಂಗುರ ಮಾಡಬೇಕು, ನಾನೇ ಮಾಡಬೇಕು, ಇಷ್ಟೇ ಪ್ಲಾನು.

ಮೊದಲು ಬೆಂಗಳೂರಿನ ನಗರ್ತಪೇಟೆಗೆ ಹೋಗಿದ್ದೆ. ಅವೆನ್ಯೂ ರಸ್ತೆಯ ಗದ್ದಲದಿಂದ ಒಳಗೆ ತಿರುಗಿದರೆ ಅದೊಂದು ಬೇರೆಯೇ ಊರು. ಮಹಡಿ ಮೇಲಿನ ಸಣ್ಣ ಕೋಣೆಗಳಲ್ಲಿ ಬಂಗಾಳದಿಂದ ಬಂದ ಹುಡುಗರು ಬಗ್ಗಿ ಕೂತು ತಂತಿ ಜೋಡಿಸುತ್ತಾರೆ. ಸಾಮಾನಿನ ಅಂಗಡಿಯವನು “ಯಾವ ಗೇಜ್ ಬೇಕು ಸಾರ್?” ಅಂತ ಕೇಳಿದ, ನನ್ನ ಹತ್ತಿರ ಉತ್ತರ ಇರಲಿಲ್ಲ. ಬರಿಗೈಲಿ ಹಿಂದಿರುಗುವಾಗ ಒಂದು ಕಟ್ಟಡದ ಮೆಟ್ಟಿಲ ಬುಡದಲ್ಲಿ ಹೆಂಗಸೊಬ್ಬಳು ಗಟಾರದ ಅಂಚಿನ ಮಣ್ಣನ್ನು ಸಣ್ಣ ಬ್ರಷ್ಷಿನಿಂದ ಗುಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಕಸ ಗುಡಿಸುವವರು ಹಾಗೆ ಗುಡಿಸುವುದಿಲ್ಲ. ಅವಳು ಒಂದು ಇಂಚನ್ನೂ ಬಿಡುತ್ತಿರಲಿಲ್ಲ. ಅಕ್ಕಸಾಲಿಗರ ಬಟ್ಟೆಯಿಂದ, ಚಪ್ಪಲಿಯಿಂದ, ಕೈತೊಳೆದ ನೀರಿನಿಂದ ಬೀದಿಗೆ ಬಿದ್ದ ಬಂಗಾರದ ಕಣ ಹುಡುಕುವವರು ಅವರು, ಮಣ್ಣು ತೊಳೆದು ಸೋಸಿ ತಿಂಗಳಿಗಿಷ್ಟು ಸಂಪಾದಿಸುತ್ತಾರೆ ಅಂತ ಆಮೇಲೆ ತಿಳಿಯಿತು. ದೇಶದಲ್ಲಿ ದೊಡ್ಡ ಚಿನಿವಾರಪೇಟೆ ಇರುವಲ್ಲೆಲ್ಲ ಇಂಥವರಿದ್ದಾರೆ.

ಆ ಬಂಗಾರ ಯಾರದು? ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸಿದೆ. ಅವಳದು ಅನ್ನಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಬೀದಿಗೆ ಬಿದ್ದದ್ದು, ಯಾರೂ ಬೇಡ ಅಂದದ್ದು, ಬೆವರು ಸುರಿಸಿ ಆಯ್ದವಳದು. ಆದರೆ ಅದೇ ಕಣ ಹತ್ತು ಹೆಜ್ಜೆ ಹಿಂದೆ, ಮೆಟ್ಟಿಲು ಹತ್ತಿ, ಅಕ್ಕಸಾಲಿಯ ಮಣೆಯ ಕೆಳಗೆ ಬಿದ್ದಿದ್ದಾಗ ಯಾರದಾಗಿತ್ತು? ಅಲ್ಲಿ ಉತ್ತರ ಅಷ್ಟು ಸಲೀಸಾಗಿ ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೂತಿದೆ.

ನಮ್ಮೂರು ತಿಕೋಟಾ ಮತ್ತು ಬಬಲೇಶ್ವರದ ನಡುವೆ ಬರುತ್ತದೆ. ಒಂದೇ ಪತ್ತಾರರ ಮನೆ. ನಮ್ಮ ಕಡೆ ಅಕ್ಕಸಾಲಿಗ ಅನ್ನುವುದಿಲ್ಲ, ಪತ್ತಾರ ಅಂತಲೇ. ಅಜ್ಜಿಯ ಪಾಟ್ಲಿ ಕರಗಿಸಿ ಅತ್ತೆಯ ಮದುವೆಗೆ ಬೋರಮಾಳ ಮತ್ತು ಝುಮಕಿ ಮಾಡಿಸಿದ್ದು 1997ರಲ್ಲಿ. ಅಪ್ಪ ಪಾಟ್ಲಿಗಳನ್ನು ವಿಜಯಪುರದಲ್ಲಿ ತೂಕ ಮಾಡಿಸಿ ತಂದಿದ್ದ, 46 ಗ್ರಾಂ. ಪತ್ತಾರ ಕಾಕಾ ಒಡವೆ ಕೊಡುವಾಗ “ಒಂದು ಗ್ರಾಂ ಸವದೈತಿ, ನಲವತ್ತೈದು ಐತಿ ನೋಡ್ರಿ” ಅಂದಿದ್ದರಂತೆ. ಯಾರೂ ನೋಡಲಿಲ್ಲ. ಮದುವೆ ಮನೆ, ಯಾರಿಗೆ ಪುರುಸೊತ್ತು? ಏಳು ವರ್ಷದ ಮೇಲೆ ಬೋರ್‌ವೆಲ್ ಕೊರೆಸಲು ಅತ್ತೆಯ ಒಡವೆ ಅಡ ಇಡಬೇಕಾಯಿತು. ಅಡ ಇಟ್ಟುಕೊಳ್ಳುವವರ ಕಡೆಯ ಬಂಗಾರ ನೋಡುವವನು ತಿಕ್ಕಿ ನೋಡಿ, ತೂಗಿ, ಚೀಟಿಯಲ್ಲಿ ಬರೆದದ್ದು ನಿವ್ವಳ 42.8 ಗ್ರಾಂ.

ಅಪ್ಪ ಅವತ್ತು ಮನೆಗೆ ಬಂದು ಒಂದೇ ಮಾತು ಹೇಳಿದ. “ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡಾಂಗಿಲ್ಲ.”

ಕಾಕಾನ ಹತ್ತಿರ ಹೋಗಿ ಕೇಳಲಿಲ್ಲ. ಜಗಳವಾಡಲಿಲ್ಲ. ನಮ್ಮ ಮನೆಯ ಕೆಲಸ ಅವತ್ತಿನಿಂದ ಸರಾಫ ಬಜಾರಿಗೆ ಹೋಯಿತು, ಅಷ್ಟೇ. ಯಾಕೆ ಅಂತ ಕೇಳಿದವರಿಗೆ ಅಪ್ಪ ಗಾದೆ ಹೇಳಿದ, 2.2 ಗ್ರಾಮಿನ ಲೆಕ್ಕ ಹೇಳಿದ. ಊರಲ್ಲಿ ಲೆಕ್ಕ ಬೇಗ ಹಬ್ಬುತ್ತದೆ. ಒಂದೊಂದೇ ಮನೆ ಕಾಕಾನ ಬಾಗಿಲು ಬಿಟ್ಟಿತು. ಅಪ್ಪನಿಂದಲೇ ಬಿಟ್ಟಿತು ಅನ್ನಲಾರೆ, ಅದೇ ಕಾಲಕ್ಕೆ ಪೇಟೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಗಳೂ ಬಂದವು. ಕಾಕಾನ ಮಗ ಪುಣೆಯಲ್ಲಿ ಗಾಡಿ ಓಡಿಸುತ್ತಾನೆ. ಕಾಕಾ ಈಗ ಕಾಲುಂಗುರ, ಕರಡಿಗೆ, ಮೂಗುಬೊಟ್ಟಿನ ಬೆಸುಗೆ ಅಂತ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದಾರೆ.

ನಗರ್ತಪೇಟೆಯಿಂದ ಬರಿಗೈಲಿ ಬಂದ ಮೇಲೆ ನನಗೆ ಹೊಳೆದ ಗುರು ಅವರೊಬ್ಬರೇ. ದೀಪಾವಳಿ ರಜೆಗೆ ಊರಿಗೆ ಹೋದಾಗ, ಅಪ್ಪ ತೋಟಕ್ಕೆ ಹೋದ ಹೊತ್ತು ನೋಡಿ ಅವರ ಮನೆಗೆ ಹೋದೆ. ನಗುತ್ತ ಕೂಡಿಸಿದರು, ಚೀಟಿ ಬರೆದುಕೊಟ್ಟರು. “ನಿಮ್ಮಪ್ಪಗ ಹೇಳಿ ಬಂದಿ ಏನು ತಮ್ಮಾ?” ಅಂದರು. ಇಲ್ಲ ಅಂದೆ. “ಹೇಳಬ್ಯಾಡ ಬಿಡು” ಅಂದರು. ಅಂದರೆ ಅವರಿಗೆ ಎಲ್ಲ ಗೊತ್ತಿತ್ತು, ಇಷ್ಟು ವರ್ಷವೂ.

ಮತ್ತೆ ಬಜಾರಿಗೆ ಬರೋಣ. ವಿಜಯಪುರಕ್ಕೆ ಈ ವ್ಯಾಪಾರ ಹೊಸದಲ್ಲ. 1604ರ ಹೊತ್ತಿಗೆ ಅಕ್ಬರನ ಕಡೆಯಿಂದ ಇಬ್ರಾಹಿಂ ಆದಿಲ್‌ಶಾಹನ ದರ್ಬಾರಿಗೆ ಬಂದಿದ್ದ ಅಸದ್ ಬೇಗ್ ಎಂಬವನು ಇಲ್ಲಿನ ಬಜಾರು ನೋಡಿ ದಂಗಾಗಿ ಬರೆದಿಟ್ಟಿದ್ದಾನೆ. ಕಠಾರಿ, ಕನ್ನಡಿ, ಕಂಠಹಾರ, ಹರಳು ಕೂಡಿಸಿದ ಹಕ್ಕಿಗಳು ಎಲ್ಲ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದವಂತೆ. ಅದೇ ಊರಲ್ಲಿ ನಾನು ಉಂಗುರದ ಒಂದು ಹರಳಿಗಾಗಿ ಹೊರಟಿದ್ದೆ.

ಹರಳಿನ ಅಂಗಡಿಯವನು ಕಾಗದದ ಪುಡಕೆ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಮೂರು ಕೆಂಪು ಹರಳು ಉರುಳಿಸಿದ. ನನ್ನ ಕಣ್ಣಿಗೆ ಮೂರೂ ಒಂದೇ. ಒಂದು ಗಣಿಯಿಂದ ಬಂದ ಮಾಣಿಕ್ಯ, ಬಿರುಕಿನೊಳಗೆ ಸೀಸದ ಗಾಜು ತುಂಬಿದ್ದು. ಇನ್ನೊಂದು ಕಾರ್ಖಾನೆಯಲ್ಲಿ ಬೆಳೆಸಿದ್ದು. ಮೂರನೆಯದು ಬರೀ ಗಾಜು. ಕಾರ್ಖಾನೆಯದು ಅಂದರೆ ಸುಳ್ಳು ಕಲ್ಲು ಅಂತ ತಿಳಿಯಬೇಡಿ. ಫ್ರಾನ್ಸಿನ ವರ್ನಾಯ್ ಎಂಬ ರಸಾಯನಶಾಸ್ತ್ರಜ್ಞ 1902ರಲ್ಲೇ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ಬಗೆಯನ್ನು ಜಗತ್ತಿಗೆ ತಿಳಿಸಿದ. ಒಳಗಿನ ವಸ್ತು ಗಣಿಯದಕ್ಕೂ ಇದಕ್ಕೂ ಒಂದೇ. ತಮಾಷೆ ನೋಡಿ, ‘ಅಸಲಿ’ ಅನ್ನಿಸಿಕೊಂಡ ಮೊದಲನೆಯದರಲ್ಲೇ ಗಾಜು ತುಂಬಿತ್ತು.

“ಇದು ಗಾಜು ತುಂಬಿದ್ದು ಅಂತ ನೀವು ಹೇಳದಿದ್ರ ನನಗೆ ತಿಳೀತಿತ್ತೇನ್ರಿ?” ಅಂತ ಕೇಳಿದೆ.

“ತಿಳೀತಿರಲಿಲ್ಲ ಬಿಡ್ರಿ. ನಿಮಗ ಏನು, ಭಾಳ ಮಂದಿಗೆ ತಿಳಿಯಾಂಗಿಲ್ಲ.”

ಎಷ್ಟು ಆರಾಮಾಗಿ ಹೇಳಿದ! ನಾನು ಭೂತಗನ್ನಡಿ ಕೇಳಿ ತಗೊಂಡು ನೋಡಿದೆ. ಏನೋ ನೋಡಿದ ಹಾಗೆ ಮಾಡಿದೆ ಅನ್ನಿ. ಕಾರ್ಖಾನೆಯ ಹರಳನ್ನು 300 ರೂಪಾಯಿಗೆ ಕೊಂಡೆ. ಕೊನೆಗೂ ನಾನು ಕೊಂಡದ್ದು ಆತನ ಮಾತನ್ನು. ಅದು ಕಾರ್ಖಾನೆಯದೋ ಗಾಜೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪನ ಗಾದೆ ಹುಟ್ಟಿದ್ದು ಇಲ್ಲೇ ಇರಬೇಕು. ನಮಗೆ ಪರೀಕ್ಷಿಸಲು ಬಾರದ ಕೆಲಸ ಮಾಡುವವನನ್ನು ಒಂದೋ ಪೂರ್ತಿ ನಂಬಬೇಕು, ಇಲ್ಲವೇ ಗಾದೆ ಕಟ್ಟಬೇಕು. ಅಕ್ಕ, ಅಕ್ಕಸಾಲಿ ಅಂತ ಪ್ರಾಸವೂ ಕೂಡಿಬಂದುಬಿಟ್ಟರೆ ಸಾಕ್ಷಿ ಯಾಕೆ ಬೇಕು? ಈ ಅನುಮಾನ ಬಹಳ ಹಳೆಯದು. 1909ರಲ್ಲಿ ಮೈಸೂರಿನ ಶಾಮಾಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಸಾಲಿಗರು ಕದಿಯುವ ಐದು ಬಗೆಗಳನ್ನು ಹೆಸರಿಟ್ಟು ಪಟ್ಟಿ ಮಾಡಿದೆ, ಮೊದಲನೆಯದೇ ಸುಳ್ಳು ತಕ್ಕಡಿ. ಓದಿದರೆ ನಮ್ಮ ಸೆಕ್ಯುರಿಟಿ ಟೀಮಿನ ಡಾಕ್ಯುಮೆಂಟ್ ಓದಿದ ಹಾಗಾಗುತ್ತದೆ. ಅಂದರೆ ಕದಿಯುವವರು ಇದ್ದರು, ಇದ್ದಾರೆ. ಇಲ್ಲ ಅಂತ ನಾನು ಹೇಳುತ್ತಿಲ್ಲ.

ಬಜಾರಿನಲ್ಲೇ 20 ಗ್ರಾಂ ಬೆಳ್ಳಿ ತುಂಡನ್ನೂ ಕೊಂಡೆ. ಕೈಯಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ತಕ್ಕಡಿ ನನ್ನ ಹತ್ತಿರ ಮೊದಲೇ ಇತ್ತು, ಕಾಫಿಗೆ ತಂದದ್ದು. 20.00 ಅಂತ ತೋರಿಸಿತು. ಕಾಕಾನ ಪಡಸಾಲೆಯಲ್ಲಿ ಕೂತು ಕೆಲಸ ಶುರುಮಾಡಿದೆ. ಅವರು ಬಾಯಿಂದ ಹೇಳುವುದು, ನಾನು ಕೈ ಸುಟ್ಟುಕೊಳ್ಳುವುದು.

ಬೆಳ್ಳಿ ಕರಗಲು 962 ಡಿಗ್ರಿ ಬೇಕು. ಮೂಸೆಯಲ್ಲಿ ಬಿಳಿಗಾರ ಉದುರಿಸಿ ಕಾಯಿಸಿದಾಗ ಅದು ಪಾದರಸದ ಹಾಗೆ ಉಂಡೆಯಾಗಿ ಹೊರಳಿತು. ಆ ಒಂದು ಕ್ಷಣಕ್ಕೆ ಇಷ್ಟೆಲ್ಲ ಖರ್ಚು ಮಾಡಿದ್ದು ಸಾರ್ಥಕ ಅನ್ನಿಸಿತು. ಎರಕ ಹೊಯ್ದು, ಬಡಿದು, ಮತ್ತೆ ಕಾಯಿಸಿ, ಕಂಬಚ್ಚಿನ ತೂತುಗಳಲ್ಲಿ ಒಂದಾದ ಮೇಲೊಂದು ಎಳೆದು ತಂತಿ ಮಾಡಬೇಕು. ಕಂಬಚ್ಚು ಅಂದರೆ ಸಾಲಾಗಿ ತೂತಿರುವ ಉಕ್ಕಿನ ಪಟ್ಟಿ, ಪ್ರತಿ ತೂತೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಸಣ್ಣದು. ನಾಲ್ಕನೇ ತೂತಿಗೆ ನನ್ನ ತೋಳು ಸೋತಿತು, ಆರನೆಯದರಲ್ಲಿ ತಂತಿ ಹರಿಯಿತು. ಮತ್ತೆ ಮೂಸೆ, ಮತ್ತೆ ಬೆಂಕಿ. ಬೆಸುಗೆ ಹಾಕಿ, ಹುಣಸೆ ನೀರಲ್ಲಿ ಅದ್ದಿ, ಅರ ಹೊಡೆದು, ಹರಳಿಗೆ ಮನೆ ಕಟ್ಟಿ, ಅಂಚು ಮಡಚಿ ಉಂಗುರ ಆಗುವಷ್ಟರಲ್ಲಿ ಮೂರು ದಿನ ಆಯಿತು. ಸೊಟ್ಟಗಿದೆ. ಅವ್ವ ಹಾಕಿಕೊಳ್ಳುತ್ತಾಳೆ, ಅವ್ವಂದಿರು ಹಾಕಿಕೊಳ್ಳುತ್ತಾರೆ.

ಮೂರನೇ ದಿನ ಸಂಜೆ ಕಾಕಾ “ಈಗ ತೂಕ ಮಾಡು” ಅಂದರು.

ಹರಳು ಬಿಟ್ಟು ಉಂಗುರ 7.42 ಗ್ರಾಂ. ಉಳಿದ ತುಂಡು, ತಂತಿ ಎಲ್ಲ ಸೇರಿ 11.31. ಕೂಡಿದರೆ 18.73. ತಕ್ಕಡಿ ಕೆಟ್ಟಿದೆ ಅಂದುಕೊಂಡು ಮತ್ತೆ ತೂಗಿದೆ. 18.73. ಒಂದೂಕಾಲು ಗ್ರಾಂ ಎಲ್ಲಿ ಹೋಯಿತು? ಕಾಕಾ ಒಂದು ಮಾತೂ ಆಡದೆ ಬ್ರಷ್ಷು ಮತ್ತು ತಾಟು ನನ್ನ ಕಡೆ ಸರಿಸಿದರು. ಮಣೆ ಗುಡಿಸಿದೆ, ತೊಡೆಯ ಮೇಲಿನ ಬಟ್ಟೆ ಕೊಡವಿದೆ, ಅರದ ಹಲ್ಲುಗಳ ಸಂದಿಯಿಂದಲೂ ಬಿಡಿಸಿದೆ. 0.61 ಸಿಕ್ಕಿತು, ಅದರಲ್ಲಿ ಧೂಳೆಷ್ಟೋ. ಆದರೂ 0.66 ಇಲ್ಲವೇ ಇಲ್ಲ. ಮೂಸೆಯ ಗೋಡೆಗೆ ಗಾಜಿನ ಹಾಗೆ ಹತ್ತಿದ ಬಿಳಿಗಾರದಲ್ಲಿ ಒಂದಿಷ್ಟು, ಹುಣಸೆ ನೀರಲ್ಲಿ ಒಂದಿಷ್ಟು, ಕಾಲಿಗೆ ಹತ್ತಿ ಅಂಗಳಕ್ಕೆ ಹೋದದ್ದು ಒಂದಿಷ್ಟು. ನೂರಕ್ಕೆ ಮೂರಕ್ಕಿಂತ ಹೆಚ್ಚು. ಕದ್ದವರು ಯಾರೂ ಇಲ್ಲ, ಇಡೀ ಹೊತ್ತು ಕೂತಿದ್ದವನು ನಾನೊಬ್ಬನೇ.

ನನಗೆ ಕೈ ಪಳಗಿಲ್ಲ, ಆದ್ದರಿಂದ ಜಾಸ್ತಿ ಹೋಯಿತು. ಕಾಕಾನ ಕೈಯಲ್ಲಿ ಇಷ್ಟು ಹೋಗುವುದಿಲ್ಲ. ಹಾಗಾದರೆ 46ರಲ್ಲಿ ಒಂದು ಗ್ರಾಂ ಅಂದದ್ದು ಸರಿಯೇ ಇರಬಹುದು. ಉಳಿದ 2.2?

ಕೇಳಿಯೇ ಬಿಟ್ಟೆ. ಅಪ್ಪ ಇಪ್ಪತ್ತು ವರ್ಷ ಕೇಳದಿದ್ದದ್ದನ್ನು.

ಕಾಕಾ ಸಿಟ್ಟಾಗಲಿಲ್ಲ. “ಬೋರಮಾಳದ ಗುಂಡಿನ್ಯಾಗ ಅರಗು ಇರತೈತಿ, ಗೊತ್ತೈತಿಲ್ಲೊ?” ಅಂದರು. ಗೊತ್ತಿರಲಿಲ್ಲ. ಬೋರಮಾಳದ ಗುಂಡುಗಳು ತೆಳು ಹಾಳೆಯವು, ಒಳಗೆ ಟೊಳ್ಳು. ನೆಗ್ಗಬಾರದು ಅಂತ ಅರಗು ತುಂಬುತ್ತಾರೆ. ಅವರು ಹೇಳಿದ 45 ಅರಗು ತುಂಬುವ ಮೊದಲಿನ ಬಂಗಾರದ ತೂಕ. ಅಡ ಇಟ್ಟುಕೊಳ್ಳುವವನು ಅರಗು ಸೇರಿದ ಸರ ತೂಗಿ, ಅಂದಾಜಿನ ಮೇಲೆ ಅರಗು ಕಳೆದು ನಿವ್ವಳ ಬರೆಯುತ್ತಾನೆ. ಅವನ ಅಂದಾಜು ಯಾವಾಗಲೂ ಅವನ ಕಡೆಗೇ ಇರುತ್ತದೆ. ಗುಂಡು ಒಡೆದು ನೋಡಿದರೆ ಮಾತ್ರ ಸತ್ಯ ಗೊತ್ತು. ಆ ಸರ ಈಗ ಇಲ್ಲ, ಅತ್ತೆ ಅದನ್ನು ಎಂದೋ ಮುರಿಸಿದಳು.

ಇಲ್ಲಿಗೆ ಮುಗಿದಿದ್ದರೆ ಇದು ನಿರಪರಾಧಿಯೊಬ್ಬನ ಕತೆಯಾಗುತ್ತಿತ್ತು. ನನಗೂ ಹಾಗೇ ಬೇಕಿತ್ತು. ಆದರೆ ಕಾಕಾ ಮುಂದುವರಿಸಿದರು. ಮಣೆಯ ಸುತ್ತಲಿನ ಧೂಳನ್ನು ಅವರು ವರ್ಷವಿಡೀ ಒಂದು ಡಬ್ಬಿಗೆ ಹಾಕುತ್ತಿದ್ದರು. ದೀಪಾವಳಿಗೆ ಮುಂಚೆ ಧೂಳು ಕೊಳ್ಳುವವರು ಬರುತ್ತಿದ್ದರು. ಆ ದುಡ್ಡಿನಿಂದ ಮಗನ ಶಾಲೆ ನಡೆಯಿತು, ಹೆಂಡತಿಯ ಔಷಧ ನಡೆಯಿತು.

“ಅದು ಗಿರಾಕಿ ಬಂಗಾರ ಅಲ್ಲೇನ್ರಿ ಕಾಕಾ?”

“ಹೌದಲಾ. ಮತ್ತ ನನ್ನ ಕೂಲಿ ಯಾವುದು, ಹೇಳು ನೋಡೋಣು.”

ಕೂಲಿಯ ಲೆಕ್ಕ ನಾನು ಯೋಚಿಸಿಯೇ ಇರಲಿಲ್ಲ. ನಮ್ಮೂರಲ್ಲಿ ಕಂಬಾರ, ಬಡಿಗ, ಪತ್ತಾರ ಎಲ್ಲರಿಗೂ ರಾಶಿಯ ಕಾಲಕ್ಕೆ ಆಯ ಅಂತ ಜೋಳ ಕೊಡುತ್ತಿದ್ದರು. ಆಮೇಲೆ ಆಯ ನಿಂತಿತು, ಅದರ ಜಾಗಕ್ಕೆ ರೂಪಾಯಿ ಬರಲಿಲ್ಲ. ಕಾಕಾ ಎಂದೂ ಬಾಯಿಬಿಟ್ಟು ಇಷ್ಟು ಕೊಡಿ ಅಂದವರಲ್ಲ. “ತಿಳದು ಕೊಡ್ರಿ” ಅನ್ನುತ್ತಿದ್ದರು. ಮಂದಿ ತಿಳಿದು ಕೊಟ್ಟದ್ದು ಎಷ್ಟು? ಅತ್ತೆಯ ಬೋರಮಾಳಕ್ಕೆ ಇಪ್ಪತ್ತು ದಿನ ಕೂತು ಮಾಡಿದ್ದಕ್ಕೆ ನಮ್ಮ ಮನೆಯಿಂದ ಹೋದದ್ದು 300 ರೂಪಾಯಿ, ಒಂದು ಟೋಪಿ, ಒಂದು ಸೀರೆ, ಮದುವೆ ಊಟ. ಅವರ ಕಸುಬಿನಲ್ಲಿ ಬಿಲ್ಲಿನ ರೂಢಿಯೇ ಬೆಳೆಯದಿರಲು ಸರಕಾರವೂ ಒಂದಿಷ್ಟು ಕಾರಣ. 1963ರ ಜನವರಿಯಲ್ಲಿ 14 ಕ್ಯಾರಟ್‌ಗಿಂತ ಹೆಚ್ಚಿನ ಶುದ್ಧತೆಯ ಒಡವೆ ಮಾಡಬಾರದು ಅಂತ ನಿಯಮ ಬಂತು. ಸಾವಿರಾರು ಅಕ್ಕಸಾಲಿಗರ ಕೆಲಸ ನಿಂತಿತು, ಉಳಿದವರ ಕೆಲಸ ರಾತ್ರಿಗೆ, ಒಳಕೋಣೆಗೆ ಸರಿಯಿತು. ಕಾಕಾನ ತಂದೆಯೂ ಹಾಗೇ ಮಾಡಿದವರು. ಮುಂದೆ 1968ರಲ್ಲಿ ಬಂದ ಚಿನ್ನದ ನಿಯಂತ್ರಣ ಕಾಯ್ದೆ ರದ್ದಾಗಿದ್ದು 1990ರಲ್ಲಿ. ಬಾಗಿಲು ಹಾಕಿಕೊಂಡು ಮಾಡುವ ಕೆಲಸಕ್ಕೆ ಯಾರು ಬಿಲ್ಲು ಬರೆಯುತ್ತಾರೆ?

ಅಂದರೆ ಧೂಳೇ ಅವರ ಸಂಬಳ. ಕೊಡುವವರಿಗೂ ಗೊತ್ತಿತ್ತು, ತಗೊಳ್ಳುವವರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಡಲಿಲ್ಲ. ಕೂಲಿ ಉಳಿಯಿತಲ್ಲ ಅಂತ ನಾವು ಸುಮ್ಮನಿದ್ದೆವು. ಆಮೇಲೆ ಅದೇ ಧೂಳಿಗೆ ಕಳವು ಅಂತ ಹೆಸರಿಟ್ಟೆವು. ನನಗೆ ಇದರಲ್ಲಿ ಚುಚ್ಚುವುದು ಇದೇ.

2019ರಲ್ಲಿ ನನ್ನ ಮದುವೆಗೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ 40 ಗ್ರಾಮಿನ ಹಾರ ಕೊಂಡೆವು. ಬಿಲ್ಲಿನಲ್ಲಿ ವೇಸ್ಟೇಜ್ ನೂರಕ್ಕೆ 14 ಅಂತಿತ್ತು. ಅಂದರೆ 5.6 ಗ್ರಾಮಿನ ದುಡ್ಡು. ಅದರ ಮೇಲೆ 3% ಜಿಎಸ್‌ಟಿ. ಮೆಷಿನ್ನಿನಲ್ಲಿ ಮಾಡಿದ ಹಾರದಲ್ಲಿ 5.6 ಗ್ರಾಂ ಧೂಳಾಗಿ ಹಾರಿಹೋಗುತ್ತದೆಯೇ? ಹಾರಿದ್ದರೂ ಅದನ್ನು ಹಿಡಿಯುವ ಯಂತ್ರ ಅವರ ಹತ್ತಿರ ಇರುವುದಿಲ್ಲವೇ? ಯಾರೂ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ಎಸಿಯಲ್ಲಿ ಕೂತು ಕೊಟ್ಟ ಬಾದಾಮಿ ಹಾಲು ಕುಡಿದ. ಈಗ ಬಂಗಾರದ ಹೆಚ್ಚಿನ ಒಡವೆಗಳಿಗೆ ಆರಕ್ಷರದ ಹಾಲ್‌ಮಾರ್ಕ್ ಸಂಖ್ಯೆ ಕಡ್ಡಾಯ, ಒಳ್ಳೆಯದೇ. ಅದು ಬಂಗಾರದ ಶುದ್ಧತೆಗೆ ಸಾಕ್ಷಿ, ವೇಸ್ಟೇಜಿನ ಲೆಕ್ಕಕ್ಕಲ್ಲ. ಆದರೂ ಆ ಅಂಗಡಿಯವರನ್ನು ನಾನು ಕಳ್ಳರು ಅನ್ನಲಾರೆ. ಅವರು ಹೇಳಿ ತಗೊಂಡರು, ನಾನು ಓದಿ ಸಹಿ ಹಾಕಿದೆ. ಪತ್ತಾರ ಕಾಕಾ ತಗೊಂಡದ್ದು ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ಹೇಳದೆ ತಗೊಂಡರು. ಹಾಗಾದರೆ ಕಳವು ಅನ್ನುವುದು ಗ್ರಾಮಿನಲ್ಲಿಲ್ಲ, ಹೇಳುವುದರಲ್ಲಿ ಇದೆಯೇ? ಸ್ವಲ್ಪ ಹೊತ್ತು ಈ ಉತ್ತರ ನನಗೆ ಬಹಳ ಹಿಡಿಸಿತು. ಅಷ್ಟೇ ಆಗಿದ್ದರೆ, ಚೆನ್ನಾಗಿ ಬಿಲ್ಲು ಬರೆಯಲು ಬಂದವನು ಏನನ್ನಾದರೂ ತಗೊಳ್ಳಬಹುದು ಅಂದಂತಾಯಿತು.

ಬಿದ್ದದ್ದನ್ನು ಆಯುವುದರ ಬಗ್ಗೆ ನಮ್ಮ ಕಡೆಯವರಿಗೆ ಗೊತ್ತಿರುವ ಒಂದು ಕತೆ ಇದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನ ಮನೆಯ ಮುಂದೆ ಚೆಲ್ಲಿದ ಅಕ್ಕಿ ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಚಿಕ್ಕಂದಿನಲ್ಲಿ ಈ ಕತೆ ಕೇಳಿದಾಗ ಲಕ್ಕಮ್ಮ ತೀರಾ ಜೋರು ಅನ್ನಿಸುತ್ತಿತ್ತು. ಬಿದ್ದ ಅಕ್ಕಿ, ಹೇಗೂ ಬಿದ್ದದ್ದು, ಇವತ್ತು ಎರಡು ಹಿಡಿ ಹೆಚ್ಚು ಬಿದ್ದರೆ ತಪ್ಪೇನು? ಅವಳು ಅಕ್ಕಿ ಯಾರದು ಅಂತ ಕೇಳಲೇ ಇಲ್ಲ, ಗಮನಿಸಿ. ಆಯುವವನ ಕೈ ಹೇಗಿದೆ ಅಂತ ನೋಡಿದಳು.

ನಾನು ಈ ಕತೆಯನ್ನು ಕಾಕಾನಿಗೆ ಹೇಳಿದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತು ಅರವನ್ನು ಬಟ್ಟೆಯಲ್ಲಿ ಒರೆಸುತ್ತ ಕೂತು, “ಬಿದ್ದದ್ದು ಬ್ಯಾರೆ, ಬೀಳಿಸಿದ್ದು ಬ್ಯಾರೆ ತಮ್ಮಾ” ಅಂದರು. “ಒಂದು ಸಲ ಜಾಸ್ತಿ ಅರ ಹೊಡದ್ರ ಧೂಳು ಜಾಸ್ತಿ. ಮಾಲೂ ಚಂದ ಆಗತೈತಿ, ಡಬ್ಬಿನೂ ತುಂಬತೈತಿ. ಯಾವುದಕ್ಕ ಹೊಡದೆ ಅಂತ ಒಮ್ಮೊಮ್ಮೆ ನನಗ ತಿಳೀತಿರಲಿಲ್ಲ.”

ಅತ್ತೆಯ ಸರದಲ್ಲಿ? ಅದನ್ನು ನಾನು ಕೇಳಲಿಲ್ಲ.

ಇದು ನನ್ನನ್ನು ಬೆಂಗಳೂರಿನವರೆಗೂ ಬಿಡಲಿಲ್ಲ, ಯಾಕೆಂದರೆ ಈ ಅರ ನನ್ನ ಕೈಯಲ್ಲೂ ಇದೆ. ‘ಆಫೀಸ್ ಸ್ಪೇಸ್’ ಅಂತ 1999ರ ಸಿನಿಮಾ, ನಮ್ಮ ಫೀಲ್ಡಿನವರು ನೋಡೇ ಇರುತ್ತೀರಿ. ಲೆಕ್ಕದಲ್ಲಿ ಉಳಿಯುವ ಪೈಸೆಯ ಚೂರುಗಳನ್ನು ತಮ್ಮ ಖಾತೆಗೆ ತಿರುಗಿಸಿಕೊಳ್ಳುವ ಮೂವರು ಎಂಜಿನಿಯರುಗಳು. ಅದು ಕಳವು ಅಂತ ಎಲ್ಲರೂ ಒಪ್ಪುತ್ತೇವೆ, ನಗುತ್ತೇವೆ. ಎರಡು ದಿನದ ಕೆಲಸಕ್ಕೆ ಐದು ದಿನ ಅಂತ ಎಸ್ಟಿಮೇಟ್ ಬರೆಯುವುದು? ಅದಕ್ಕೆ ಬಫರ್ ಅನ್ನುತ್ತೇವೆ. ಬಫರ್ ಬೇಕು, ನಿಜವಾಗಿಯೂ ಬೇಕು. ತಂತಿ ಹರಿಯುತ್ತದೆ, ಸರ್ವರ್ ಕೈಕೊಡುತ್ತದೆ, ಇನ್ನೊಂದು ಟೀಮಿನವನು ರಜೆ ಹಾಕುತ್ತಾನೆ. ಆದರೆ ಐದರಲ್ಲಿ ಎಷ್ಟು ದಿನ ತಾನಾಗಿ ಬಿದ್ದದ್ದು, ಎಷ್ಟು ನಾನು ಬೀಳಿಸಿದ್ದು ಅಂತ ನನ್ನ ಮ್ಯಾನೇಜರಿಗೆ ತಿಳಿಯುವುದಿಲ್ಲ. ಒರೆಗಲ್ಲು ಅವನ ಹತ್ತಿರ ಇಲ್ಲ. ಗಟಾರದ ಮಣ್ಣು ಆಯುವ ಹೆಂಗಸಿಗೆ ಈ ತೊಂದರೆ ಇಲ್ಲ, ಅವಳು ಬೀಳಿಸಲಾರಳು, ಆಯಬಲ್ಲಳು ಅಷ್ಟೇ.

ಊರು ಬಿಡುವ ಹಿಂದಿನ ರಾತ್ರಿ ಅಪ್ಪನ ಮುಂದೆ ಎಲ್ಲ ಹರವಿದೆ. ಉಂಗುರ, ತುಂಡುಗಳು, ತಾಟಿನಲ್ಲಿ ಧೂಳು, ತಕ್ಕಡಿ. ಯಾರ ಮನೆಯಲ್ಲಿ ಕೂತು ಮಾಡಿದೆ ಅಂತಲೂ ಹೇಳಿದೆ. ಅಪ್ಪ ತಾನೇ ಒಂದೊಂದನ್ನೂ ತಕ್ಕಡಿಗೆ ಹಾಕಿ ನೋಡಿದ. ಅಪ್ಪನಿಗೆ ಸವಕಳಿ ಅಂದರೆ ಏನು ಅಂತ ನಾನು ಹೇಳಿಕೊಡಬೇಕಿಲ್ಲ. ನಾಲ್ಕು ಕಿಲೋ ದ್ರಾಕ್ಷಿ ಒಣಗಿಸಿದರೆ ಒಂದು ಕಿಲೋ ಮಣೂಕ. ಅದನ್ನು ಮಾರಲು ಒಯ್ದಾಗ ತೂಕದಲ್ಲಿ ಸೂಟ್ ಅಂತ ಮುರಿಯುವುದನ್ನು ಪ್ರತಿ ವರ್ಷ ನೋಡುತ್ತಾನೆ. ಬಿಸಿಲು ಒಯ್ದದ್ದು ಯಾವುದು, ದಲಾಲಿ ಒಯ್ದದ್ದು ಯಾವುದು ಅಂತ ಅವನಿಗೆ ಸರಿಯಾಗಿ ಗೊತ್ತು.

“ಹಂಗಾರ ಆಂವ ಕದ್ದಿಲ್ಲ ಅಂತಿ?”

“ಗೊತ್ತಿಲ್ಲಪ್ಪ. ಕದ್ದಾರ ಅಂತ ಹೇಳಾಕ ನಮ್ಮ ಹತ್ರ ಏನೂ ಇಲ್ಲ. ಇಪ್ಪತ್ತು ದಿನದ ಕೆಲಸಕ್ಕ ನಾವು 300 ರೂಪಾಯಿ ಕೊಟ್ಟೀವಿ ಅನ್ನೂದು ಮಾತ್ರ ಗೊತ್ತು.”

“ಸೀರಿ ಕೊಟ್ಟೀವಲಾ” ಅಂದ ಅಪ್ಪ. ಆಮೇಲೆ ಎದ್ದು ಮಲಗಲು ಹೋದ.

ಅವ್ವ ಫೋನ್ ಮಾಡಿದ್ದು ಮೂರು ವಾರದ ಮೇಲೆ. ಅಪ್ಪನ ಬೆಳ್ಳಿ ಕರಡಿಗೆಯ ಮುಚ್ಚಳ ಸಡಿಲಾಗಿ ಎಷ್ಟೋ ತಿಂಗಳಾಗಿತ್ತು. ಅದನ್ನು ತಗೊಂಡು ಮೊದಲು ವಿಜಯಪುರಕ್ಕೆ ಹೋಗಿ ತೂಕ ಮಾಡಿಸಿದನಂತೆ, ಚೀಟಿ ಬರೆಸಿಕೊಂಡನಂತೆ. ಅಲ್ಲಿಂದ ವಾಪಸು ಬಂದು ಪತ್ತಾರ ಕಾಕಾನ ಮನೆಗೆ ಹೋಗಿ ರಿಪೇರಿಗೆ ಕೊಟ್ಟನಂತೆ. ಕಾಕಾ ಎರಡು ದಿನದಲ್ಲಿ ಮಾಡಿಕೊಟ್ಟರು, ಜೊತೆಗೆ ಒಂದು ಕಾಗದದ ಪುಡಕೆಯಲ್ಲಿ ಅರ ಹೊಡೆದ ಬೆಳ್ಳಿ ಧೂಳನ್ನೂ ಕಟ್ಟಿಕೊಟ್ಟರು. ಎಷ್ಟಾತು ಅಂತ ಅಪ್ಪ ಕೇಳಿದ್ದಕ್ಕೆ ಈ ಸಲ ತಿಳದು ಕೊಡ್ರಿ ಅನ್ನಲಿಲ್ಲ. ಇನ್ನೂರು ರೂಪಾಯಿ ಅಂದರು.

“ಕೊಟ್ಟನೇನು?” ಅಂತ ಕೇಳಿದೆ.

“ಕೊಟ್ಟಾನ. ಮನಿಗೆ ಬಂದು ಒಂದs ಸವನೆ ಗೊಣಗಾಕತ್ಯಾನ, ಒಂದು ಮುಚ್ಚಳಕ್ಕ ಇನ್ನೂರು ಭಾಳ ಆತು ಅಂತ.”